ಒವೀಡ್ ಮಾವನ ಹನ್ನೊಂದು ಕಾರ್ಡುಗಳು

ಲೂಯಿಸಿಯಾನದ ನಮ್ಮ ಬೀದಿಯ ಹೆಂಗಸರ ತಲೆಯೆಲ್ಲ ಒಂದು ಕಾಲಕ್ಕೆ ಒವೀಡ್ ಮಾವನ ಕೈಯಲ್ಲಿತ್ತು. ಶನಿವಾರ ಬಂತೆಂದರೆ ವರಾಂಡದಲ್ಲಿ ಕುರ್ಚಿ ಹಾಕಿ ಒಬ್ಬೊಬ್ಬರಿಗೇ ಕೂದಲು ಕತ್ತರಿಸುತ್ತಿದ್ದರು. ಬಾಯಿ ಕತ್ತರಿಗಿಂತ ಹರಿತ. "ಲಿಯೋನಿ, ಇದೇನು ಕೂದ್ಲೋ ಕಾಗೆ ಗೂಡೋ?" ಎಂದು ನನ್ನನ್ನು ಗೋಳು ಹೊಯ್ದುಕೊಳ್ಳದ ಶನಿವಾರವಿರಲಿಲ್ಲ.

ಒಂದು ಮಧ್ಯಾಹ್ನ ಯಾವನೋ ಕಳ್ಳನನ್ನು ಹುಡುಕುತ್ತ ಪೊಲೀಸರು ತಪ್ಪಿ ಅವರ ಮನೆಗೆ ನುಗ್ಗಿದರು. ಒಳಗೆ ಮಾವನ ಜೊತೆ ದೋಣಿ ರಿಪೇರಿಯ ಎಟಿಯೆನ್ ಇದ್ದ. ಇಬ್ಬರಿಗೂ ನಲವತ್ತು ದಾಟಿತ್ತು, ಇಬ್ಬರಿಗೂ ಒಪ್ಪಿಗೆಯಿತ್ತು, ಮನೆ ಸ್ವಂತದ್ದು. ಆದರೂ ಗಂಡಸಿನ ಜೊತೆ ಗಂಡಸು ಮಲಗಿದರೆ ನಮ್ಮ ರಾಜ್ಯದ ಆಗಿನ ಕಾನೂನಿಗೆ ಅದು 'ಪ್ರಕೃತಿವಿರುದ್ಧ ಅಪರಾಧ'. ಎಟಿಯೆನ್ ಊರು ಬಿಟ್ಟ. ಮಾವನಿಗೆ ಶಿಕ್ಷೆಯಾಗಿ, ಅವರ ಹೆಸರು ಮಕ್ಕಳನ್ನು ಕೆಡಿಸಿದವರೂ ಇರುವ ಸರ್ಕಾರದ ಲೈಂಗಿಕ ಅಪರಾಧಿಗಳ ಪಟ್ಟಿಗೇ ಸೇರಿತು.

ಪಟ್ಟಿಗೆ ಸೇರಿದವನು ಅಕ್ಕಪಕ್ಕದವರಿಗೆಲ್ಲ ತಾನೇ ಕಾರ್ಡು ಹಾಕಿ ಅದನ್ನು ತಿಳಿಸಬೇಕು. ಹನ್ನೊಂದು ಮನೆಗೆ ಕಾರ್ಡು ಬಂತು. ಫೋಟೊ, ವಿಳಾಸ, ಕಾನೂನಿನ ಕಲಂ. ನಿಜವಾಗಿ ಏನಾಗಿತ್ತೆಂದು ಅದರಲ್ಲಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿಟಕಿಯ ಪರದೆ ಎಳೆದೆ. ಜನ ಏನಂದಾರು ಎಂಬ ಭಯ. ಅವತ್ತಿನಿಂದ ಕೂದಲಿಗೆ ಪಕ್ಕದೂರಿಗೆ ಹೋದೆ. ಕುರ್ಚಿ ಮಾತ್ರ ಪ್ರತಿ ಶನಿವಾರ ವರಾಂಡಕ್ಕೆ ಬರುತ್ತಿತ್ತು, ಸಂಜೆ ಖಾಲಿಯಾಗಿಯೇ ಒಳಗೆ ಹೋಗುತ್ತಿತ್ತು. ಪರದೆಯ ಸಂದಿಯಿಂದ ನೋಡುತ್ತಿದ್ದೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಹದಿನಾಲ್ಕು ವರ್ಷದ ಮೇಲೆ ನ್ಯಾಯಾಲಯ ಅವರ ಹೆಸರನ್ನು ಪಟ್ಟಿಯಿಂದ ತೆಗೆಸಿತು. ಸೇರಿಸಿದಾಗ ಬೀದಿಗೆಲ್ಲ ತಿಳಿಸಬೇಕಿತ್ತು. ತೆಗೆದಾಗ ಯಾರಿಗೂ ತಿಳಿಸಬೇಕಿಲ್ಲವಂತೆ. ಮಾವ ಸುಮ್ಮನಿರಲಿಲ್ಲ. ಮತ್ತೆ ಹನ್ನೊಂದು ಕಾರ್ಡು, ಈ ಸಲ ಕೈಬರಹದಲ್ಲಿ: "ನನ್ನ ಹೆಸರು ತೆಗೆದಿದ್ದಾರೆ. ಶನಿವಾರ ಕುರ್ಚಿ ಹಾಕಿರುತ್ತೇನೆ."

ಹೋದವಳು ನಾನೊಬ್ಬಳೇ.

"ಮಾವ, ನಾನು..."

"ಮೊದ್ಲು ಕೂತ್ಕೊ."

ಬಟ್ಟೆ ಹೊದಿಸಿದರು. ಕೂದಲೆತ್ತಿ ನೋಡಿ, "ಅಯ್ಯೋ, ಯಾವ ಪುಣ್ಯಾತ್ಮನೇ ಇದನ್ನ ಹಿಂಗ್ ಹಾಳ್ ಮಾಡಿದ್ದು?" ಎಂದರು.

"ಪಕ್ಕದೂರಿನವನು."

"ಹದಿನಾಲ್ಕು ವರ್ಷಾನೂ ಅವನ ಹತ್ರಾನೇ ಹೋದ್ಯಾ?"

"ಹೂಂ."

ಕತ್ತರಿ ನಿಂತಿತು. "ನಿಮ್ಮನೆ ಇಲ್ಲಿಂದ ಹತ್ತು ಹೆಜ್ಜೆ ಕಣೇ."

ನನ್ನ ತಲೆ ತಾನಾಗಿ ತಗ್ಗಿತು. ಬಟ್ಟೆಯ ಮೇಲೆ ಕಣ್ಣೀರು ಬೀಳುತ್ತಿದ್ದುದನ್ನು ಅವರು ನೋಡಿರಬೇಕು. ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮೆಲ್ಲಗೆ ಮೇಲೆತ್ತಿದರು.

"ತಲೆ ನೆಟ್ಟಗಿಟ್ಕೊ. ಇಲ್ದಿದ್ರೆ ಸೊಟ್ಟ ಬರುತ್ತೆ."