ಹಾಜರಿ ಪುಸ್ತಕವನ್ನು ಒಪ್ಪಿಸಲಿಲ್ಲ

ಮಾನ್ಯರೇ,

೨೦೦೬ನೇ ಇಸವಿಯ ಮಳೆಗಾಲ ಮುಗಿದ ನಂತರ ಅಂಕೋಲಾ ತಾಲೂಕಿನ ಹಾರವಾಡದಲ್ಲಿ ನಡೆದ ಸಂಗತಿಯೊಂದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಪತ್ರಿಕೆಗೆ ನಾನು ಇದುವರೆಗೆ ಬರೆದವಳಲ್ಲ. ಸಂಘದ ಪತ್ರಗಳನ್ನು ಬರೆದು ಮಾತ್ರ ರೂಢಿ. ಆದ್ದರಿಂದ ಬರವಣಿಗೆಯಲ್ಲಿ ಲೋಪಗಳಿದ್ದಲ್ಲಿ ಮನ್ನಿಸಬೇಕು.

ನಮ್ಮೂರಿನ ಮೀನುಗಾರ ಗಂಡಸರಿಗೆ ಒಂದು ಬಂಧು ಮಂಡಳಿಯಿತ್ತು. ಯಾರದೇ ದೋಣಿ ತಿರುಗಿ ಬಾರದಿದ್ದರೆ ಉಳಿದವರೆಲ್ಲರೂ ದೋಣಿ ಇಳಿಸಿ ಹುಡುಕಬೇಕು, ಯಾರದೇ ಮನೆಯಲ್ಲಿ ಸಾವಾದರೆ ಎಲ್ಲರೂ ಹೆಗಲು ಕೊಡಬೇಕು ಎಂಬುದು ಅದರ ಪ್ರತಿಜ್ಞೆ. ಕಾರವಾರದ ಕೇಂದ್ರ ಮಂಡಳಿಯ ಅಡಿಯಲ್ಲಿ ಇಂತಹ ಹಲವು ಶಾಖೆಗಳಿದ್ದವು. ಸದಸ್ಯರ ಹೆಂಡಂದಿರಿಗಾಗಿ ಭಗಿನಿ ಶಾಖೆ ಎಂಬ ಅಂಗಸಂಸ್ಥೆಯೂ ಇತ್ತು. ಹತ್ತನೆಯ ತರಗತಿಯವರೆಗೆ ಓದಿದ್ದ ಕಾರಣ ನಾನು ಅದರ ಕಾರ್ಯದರ್ಶಿಯಾಗಿದ್ದೆನು. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳಿರಲಿಲ್ಲ. "ಗಣಪತಿಯವರ ಮನೆಯವರು", "ಮಂಜುನಾಥರ ಮನೆಯವರು" ಎಂದು ನಾನು ಕೂಗುತ್ತಿದ್ದೆನು, ಅವರು ಕೈ ಎತ್ತುತ್ತಿದ್ದರು. ಗಂಡ ತೀರಿಕೊಂಡರೆ ಆ ಸಾಲಿಗೆ ಕೆಂಪು ಗೆರೆ ಬೀಳುತ್ತಿತ್ತು. ಅಂತಹ ನಾಲ್ಕು ಗೆರೆಗಳನ್ನು ನಾನೇ ಎಳೆದಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ವರ್ಷದ ಆಷಾಢದಲ್ಲಿ ನನ್ನ ಯಜಮಾನರು ಜ್ವರದಿಂದ ತೀರಿಕೊಂಡರು. ಮಂಡಳಿಯವರೆಲ್ಲರೂ ಬಂದು ಹೆಗಲು ಕೊಟ್ಟರು, ಅದನ್ನು ಮರೆತಿಲ್ಲ. ಮೂರು ತಿಂಗಳ ಬಳಿಕ ಪುಸ್ತಕ ಹಿಡಿದುಕೊಂಡು ಸಭೆಗೆ ಹೋದೆನು. ಬಾಗಿಲಲ್ಲಿಯೇ ಮಂಡಳಿಯ ಅಧ್ಯಕ್ಷರಾದ ನಾರಾಯಣಣ್ಣ ತಡೆದರು.

"ತಂಗಿ, ಪುಸ್ತಕ ನಮ್ಮ ಸೊಸೆ ಕೈಗೆ ಕೊಡು. ನಿನ್ನ ಮ್ಯಾಲೆ ಸಿಟ್ಟಿಲ್ಲ. ಗಂಡನೇ ಇಲ್ಲ ಅಂದ್ಮೇಲೆ ನಿನ್ನ ಸದಸ್ಯತ್ವ ಎಲ್ಲಿಂದ ಬರ್ತದೆ? ನೇಮ ನಿಂಗೇ ಗೊತ್ತದೆ."

"ಗೊತ್ತದೆ ಅಣ್ಣಾ. ಇವತ್ತಿನ ಹಾಜರಿ ಮುಗಿಸಿ ಮಾತಾಡ್ತೆ," ಎಂದೆನು.

"ಹೂಂ, ಬೇಗ ಮುಗಿಸು," ಎಂದು ಅವರು ಕುರ್ಚಿಗೆ ಹೋದರು.

ಪುಸ್ತಕ ತೆರೆದೆನು. ಮೊದಲ ಸಾಲು ಗಣಪತಿಯವರ ಮನೆಯವರದು. ಹೀಗೆಯೇ ಕೂಗುತ್ತ ಹೋದರೆ ಕೊನೆಗೆ ನನ್ನನ್ನು ಕೂಗಲು ಹೆಸರೇ ಇರುವುದಿಲ್ಲ ಎಂದು ಆಗ ಹೊಳೆಯಿತು. ಪುಸ್ತಕದಿಂದ ಕಣ್ಣೆತ್ತಿ "ನಾಗವೇಣಿ" ಎಂದು ಕೂಗಿದೆನು.

ಯಾರೂ ಕೈ ಎತ್ತಲಿಲ್ಲ. ಗಣಪತಿಯವರ ಹೆಂಡತಿ ನಾಗವೇಣಿಯೇ ಹಿಂತಿರುಗಿ, ಯಾರನ್ನು ಕರೆದರೆಂದು ನೋಡಿದಳು. ಪಕ್ಕದವಳು ತಿವಿದಳು. "ನಿನ್ನನ್ನೇ ಮಾರಾಯ್ತಿ."

"ಹೌದನೆ? ನನ್ನ ಹೆಸ್ರು ಗಂಡಂಗೂ ನೆನಪಿಲ್ಲ, ಇವ್ಳಿಗೆ ಎಲ್ಲಿ ಸಿಕ್ತು?" ಎನ್ನುತ್ತ ನಾಗವೇಣಿ ಕೈ ಎತ್ತಿದಳು. ಎಲ್ಲರೂ ನಕ್ಕರು. ನಂತರ ಕಮಲಾ, ಸಾವಿತ್ರಿ, ತುಳಸಿ. "ಇದ್ದೆ" ಎನ್ನುವ ದನಿ ಒಬ್ಬರಿಗಿಂತ ಒಬ್ಬರದು ಏರುತ್ತ ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ದೇವಕಿಯಕ್ಕ ಕುಳಿತಿದ್ದಳು. ಗಂಡ ಸಮುದ್ರಪಾಲಾದಂದಿನಿಂದ ಅವಳು ಸೊಸೆಯೊಡನೆ ಅಲ್ಲಿಯವರೆಗೆ ಮಾತ್ರ ಬರುತ್ತಿದ್ದಳು. ಅವಳ ಸಾಲಿಗೆ ಗೆರೆ ಎಳೆದವಳು ನಾನೇ. ಬಾಗಿಲ ಕಡೆಗೆ ತಿರುಗಿ "ದೇವಕಿ" ಎಂದೆನು.

ಅವಳು ಎದ್ದು ಒಳಗೆ ಬಂದು ಎಲ್ಲರ ನಡುವೆ ಕುಳಿತಳು. "ಇದ್ದೆ. ಇಷ್ಟು ವರ್ಷ ಇಲ್ಲೇ ಇದ್ದೆ. ನಿಂಗೆ ಕಾಣ್ಲಿಲ್ಲನೆ?"

ಅವಳ ಸಾಲಿನ ಕೆಂಪು ಗೆರೆಯ ಪಕ್ಕದಲ್ಲಿ ಅವಳ ಹೆಸರನ್ನು ಬರೆದೆನು. ಕಡೆಯಲ್ಲಿ "ಸುಮಿತ್ರಾ" ಎಂದು ನನ್ನ ಹೆಸರನ್ನು ನಾನೇ ಕೂಗಿ, ನಾನೇ ಕೈ ಎತ್ತಿದೆನು.

ನಾರಾಯಣಣ್ಣ ಎದ್ದು ನಿಂತರು. "ಇದು ಶಿಸ್ತಿಗೆ ವಿರುದ್ಧ. ಕಾರವಾರಕ್ಕೆ ದೂರು ಬರಸ್ತೆ."

"ಬರಸಿ. ಬರೆಯೋಳು ನಾನೇ ಅಲ್ಲವಾ ಅಣ್ಣಾ," ಎಂದೆನು.

ಅಂದೇ, ಅವರು ಹೇಳುತ್ತ ಹೋದಂತೆ, ನನ್ನ ಮೇಲಿನ ದೂರನ್ನು ನಾನೇ ಬರೆದೆನು. ಒಂದು ಅಕ್ಷರವನ್ನೂ ಸಡಿಲಿಸಲಿಲ್ಲ. ನನ್ನ ಹೆಸರಿನ ಬದಲು "ದಿವಂಗತರ ಪತ್ನಿ" ಎಂದು ಬರೆಯಲು ಹೇಳಿದರು, ಅದೊಂದನ್ನು ಬರೆಯಲಿಲ್ಲ.

ತಿಂಗಳೊಳಗೆ ಉತ್ತರ ಬಂದಿತು. ವಿಧವೆಯರ ಹೆಸರುಗಳನ್ನು ತೆಗೆಯುವವರೆಗೆ ಭಗಿನಿ ಶಾಖೆಯ ಮಾನ್ಯತೆ ರದ್ದಾಗಿದೆ; ಮೊಹರು, ಬಾವುಟ ಹಾಗೂ ಹಾಜರಿ ಪುಸ್ತಕವನ್ನು ಕೂಡಲೇ ಒಪ್ಪಿಸತಕ್ಕದ್ದು. ಮೊಹರನ್ನೂ ಬಾವುಟವನ್ನೂ ನಾಗವೇಣಿ ಹೋಗಿ ಕೊಟ್ಟು ಬಂದಳು. ಆಮೇಲೆ ನಾವು ಮೀನು ಒಣಗಿಸುವ ಅಂಗಳದಲ್ಲಿ ಸೇರತೊಡಗಿದೆವು. ಗಂಡಂದಿರಿಗೆ ಅಂಜಿ ಐದಾರು ಮಂದಿ ಬಿಟ್ಟುಹೋದರು. ಅವರನ್ನು ದೂರುವುದಿಲ್ಲ. ಉಳಿದವರು ಬಂದರು.

ಅಲ್ಲಿ ಹೆಸರುಗಳನ್ನು ಕೂಗುವಾಗ ಇಂದಿಗೂ ನನ್ನ ದನಿ ಮೊದಲಿಗೆ ತುಸು ಅಳುಕುತ್ತದೆ; ಎರಡನೆಯ ಹೆಸರಿಗೆ ಸರಿಹೋಗುತ್ತದೆ. ಪುಸ್ತಕವನ್ನು ಒಪ್ಪಿಸಿಲ್ಲ, ಒಪ್ಪಿಸುವುದೂ ಇಲ್ಲ. ಇದನ್ನು ತಮ್ಮ ಅವಗಾಹನೆಗಾಗಿ ಮಾತ್ರ ಬರೆದಿದ್ದೇನೆ. ಯಾವುದೇ ಕ್ರಮವನ್ನು ಕೋರಿರುವುದಿಲ್ಲ.