ಔಷಧದ ಗಡಿಗೆಯಲ್ಲಿ ನುಚ್ಚು

ಜೈತುನ್, ಔಷಧ ತೀರಿರಲಿಲ್ಲ. ನಿನ್ನ ಮಗಳು ಮುನ್ನಿಗೆ ಉಸಿರು ಕಟ್ಟುತ್ತಿದ್ದ ಆ ಸಂಜೆ ನಾನು ನಿನಗೆ ಸುಳ್ಳು ಹೇಳಿದೆ. ಬಾಟಲಿ ನನ್ನ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಇತ್ತು — ಈಗಲೂ ಇದೆ.

ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಮುಖಕ್ಕೆ ಹೊಡೆದಂತೆ ಮಾತಾಡುವವಳು ನಾನು. ಗಂಗವ್ವ ಬಂದಳೆಂದರೆ ಕೇರಿಯ ಗಂಡಸರೂ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಈ ಒಂದು ಮಾತಿಗೆ ಮಾತ್ರ ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಗಡಿಗೆ ಹೇಗೆ ಶುರುವಾಯಿತೆಂದು ನಿನಗೆ ನೆನಪಿರಬೇಕು. ತುರ್ತು ಪರಿಸ್ಥಿತಿ ಮುಗಿದ ಸುಮಾರಿಗೆ ಹಳಿಯಾಳದಲ್ಲಿ ಡಾಕ್ಟರರ ಫೀ ಏರಿತು. ಸೂಜಿಗೆ ಬೇರೆ, ಸಲಾಯಿನಿಗೆ ಬೇರೆ. ಬಿದಿರು ಕಡಿದು ಬದುಕುವ ನಮ್ಮ ಸಿದ್ದಿ ಕೇರಿಯವರು ಕಾಯಿಲೆ ಬಿದ್ದರೆ ಆಡು ಮಾರಬೇಕಿತ್ತು. ಆಡಿಲ್ಲದವರು ಸುಮ್ಮನೆ ಮಲಗಬೇಕಿತ್ತು. ಆಗ ಕೇರಿಗೆ ಬರುತ್ತಿದ್ದ ಸರಕಾರಿ ನರ್ಸಬಾಯಿಯವರು ಒಂದು ದಾರಿ ಹೇಳಿದರು — ಪ್ರತಿ ಮನೆಯವರು ಸಂಜೆ ಅಡಿಗೆಗೆ ಮುಂಚೆ ಒಂದು ಮುಷ್ಟಿ ಅಕ್ಕಿ ಗಡಿಗೆಗೆ ಹಾಕಬೇಕು, ಅದನ್ನು ಸಂತೆಯಲ್ಲಿ ಮಾರಿ ಔಷಧ ತಂದಿಡಬೇಕು, ಹಾಕಿದ ಮನೆಗೆ ಔಷಧ ಪುಕ್ಕಟೆ. ನಾಲ್ಕಕ್ಷರ ಬಲ್ಲವಳೆಂದು ಗಡಿಗೆ, ಔಷಧ ಎರಡೂ ನನ್ನ ಮನೆಗೇ ಬಂದವು. ಗಡಿಗೆಯನ್ನು ಹಿರಿಯರ ಮೂಲೆಯಲ್ಲಿ, ನಮ್ಮ ತೀರಿಹೋದವರ ಹೆಸರಿನ ತೆಂಗಿನಕಾಯಿಯ ಪಕ್ಕದಲ್ಲಿ ಇಟ್ಟೆವು. ಸತ್ತವರು ಕಾಯುವ ಅಕ್ಕಿಗೆ ಯಾರು ಕೈ ಹಾಕುತ್ತಾರೆ? ಮುಸಲ್ಮಾನರ ಮನೆಗಳವರು, ಕ್ರಿಶ್ಚನರ ಮನೆಗಳವರು, ನಾವು — ಎಲ್ಲರೂ ಒಪ್ಪಿದೆವು.

ಹಿರಿಯರ ಮುಂದೆ ಯಾರು ಎಷ್ಟು ಇಟ್ಟರೆಂದು ಇನ್ನೊಬ್ಬರು ನೋಡಬಾರದು. ನಮ್ಮ ಮನೆಯ ಪದ್ಧತಿ ಅದು. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದಿಟ್ಟು, ಗಡಿಗೆಗೆ ಬೆನ್ನು ಮಾಡಿ, ಒಲೆಯ ಮುಂದೆ ಕೂಡುತ್ತಿದ್ದೆ. ಕಣ್ಣು ನೋಡಲಿಲ್ಲ, ನಿಜ. ಆದರೆ ಕಿವಿ — ಕಿವಿಯನ್ನು ನಾನು ಹಿಡಿದಿಡಲಿಲ್ಲ. ಬಳೆಯ ಸದ್ದಿನಿಂದಲೇ ಯಾರು ಬಂದರು, ಯಾರು ಬರಲಿಲ್ಲ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ನಿನ್ನ ಬಳೆ ಒಂದು ಸಂಜೆಯೂ ಕೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ನೀನು ಬಳೆಯನ್ನೇ ತೊಡುತ್ತಿರಲಿಲ್ಲ ಎಂಬುದು, ದಿನಾ ನಿನ್ನ ಬರಿಗೈ ನೋಡುತ್ತಿದ್ದ ನನಗೆ ಹೊಳೆಯಲೇ ಇಲ್ಲ. ಒಮ್ಮೊಮ್ಮೆ ಬಳೆಯ ಸದ್ದಿಲ್ಲದೆ, ಹೆಜ್ಜೆಯ ಸದ್ದೂ ಇಲ್ಲದೆ, ಗಡಿಗೆಯಲ್ಲಿ ಸರ್ರನೆ ಕಾಳು ಜಾರಿದ ಹಾಗೆ ಕೇಳುತ್ತಿತ್ತು. ಇಲಿ ಇರಬೇಕು ಅಂದುಕೊಂಡೆ.

ಮಳೆಗೆ ಬಸ್ಸು ನಿಂತಿದ್ದ ದಿನಗಳಲ್ಲಿ ನೀನು ಮುನ್ನಿಯನ್ನು ಹೆಗಲಿಗೆ ಹಾಕಿಕೊಂಡು ಬಂದೆ.

"ಗಂಗಕ್ಕಾ, ಅಕಿ ಎದಿ ಹಾರಾಕತ್ತೇತಿ. ಕೆಂಪು ಔಷಧ ಕೊಡ್ರಿ."

"ತೀರೇತಿ," ಎಂದೆ.

ಒಂದೇ ಬಾಟಲಿ ಉಳಿದಿತ್ತು. ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು, ಮೊಮ್ಮಗ ಎಳೆಗೂಸು. ಅವನಿಗೆ ಕೆಮ್ಮೂ ಇರಲಿಲ್ಲ, ನೆಗಡಿಯೂ ಇರಲಿಲ್ಲ — ಬಂದರೆ ಇರಲಿ ಎಂದು... ಮೇಲಾಗಿ, ಒಂದು ಮುಷ್ಟಿ ಅಕ್ಕಿ ಹಾಕದವಳು ಈಗ ಯಾವ ಮುಖ ಹೊತ್ತು ಬಂದಳು ಎಂಬ ಸಿಟ್ಟು. ನೀನು ಎರಡನೇ ಸಲ ಕೇಳಲಿಲ್ಲ. ತಿರುಗಿ ಹೊರಟಾಗ ಮುನ್ನಿ ನಿನ್ನ ಹೆಗಲ ಮೇಲಿಂದ ನನ್ನನ್ನು ನೋಡಲಿಲ್ಲ. ಮೂಲೆಯ ಗಡಿಗೆಯನ್ನೇ ನೋಡುತ್ತಿದ್ದಳು, ಅದೇ ಏನಾದರೂ ಹೇಳೀತು ಎಂಬಂತೆ. ಬೆಳಗಾಗುವುದರೊಳಗೆ ಮಗು ಹೋಯಿತು. ಔಷಧ ಕೊಟ್ಟಿದ್ದರೆ ಉಳಿಯುತ್ತಿತ್ತೋ ಇಲ್ಲವೋ — ಆ ಪ್ರಶ್ನೆಯ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ.

ಅಣಶಿಯ ನಿನ್ನ ಅಣ್ಣನ ಮನೆಗೆ ಹೊರಟ ದಿನ, ಗಂಟು ಕೆಳಗಿಟ್ಟು ನನ್ನ ಕೈ ಹಿಡಿದು ನೀನು ಆಡಿದ ಮಾತು ಇದು:

"ನಿಮ್ದೇನ ತಪ್ಪಿಲ್ಲ ಬಿಡ್ರಿ. ನಮ್ಮ ಮನ್ಯಾಗ ಅಕ್ಕಿ ಎಲ್ಲಿಂದ ಬರಬೇಕ್ರಿ? ನುಚ್ಚ ಹಾಕಾಕ ನನಗ ನಾಚಿಕಿ. ಅದಕ್ಕ ದಿನಾ ಮುನ್ನಿ ಕೈಲೇ ಕಳಸ್ತಿದ್ದೆ, ಸದ್ದು ಮಾಡಬ್ಯಾಡ ಅಂತ ಹೇಳಿ. ಅಕಿಗೆ ಅದೊಂದ ಆಟ ಆಗಿತ್ತು."

ನೀನು ಹೋದ ಮೇಲೆ ಗಡಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿದೆ. ಅಕ್ಕಿಯ ನಡುನಡುವೆ ಕೆಂಪು ನುಚ್ಚು, ಚಿಟಿಕೆ ಚಿಟಿಕೆ. ಕೇರಿಯಲ್ಲಿ ನುಚ್ಚು ಬೇಯುತ್ತಿದ್ದುದು ನಿನ್ನ ಮನೆಯಲ್ಲಿ ಮಾತ್ರ. ಸಂತೆಗೆ ಒಯ್ಯುವಾಗ ಪ್ರತಿ ಸಲವೂ ನೋಡದೆಯೇ ಚೀಲಕ್ಕೆ ಸುರಿದಿದ್ದೆ.

ಮರುದಿನ ಸಂಜೆ ಒಲೆಯ ಮುಂದೆ ಕೂತಿದ್ದಾಗ ಹಿಂದೆ ಆ ಸದ್ದು ಕೇಳಿತು. ಸರ್ರನೆ, ಅಷ್ಟೇ. ಜೀವಮಾನದಲ್ಲಿ ಮೊದಲ ಸಲ ಪದ್ಧತಿ ಮುರಿದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅಂಗಳದ ಹಸಿಮಣ್ಣಿನ ಮೇಲೆ ಒಂದು ಹೆಜ್ಜೆಯೂ ಮೂಡಿರಲಿಲ್ಲ. ಗಡಿಗೆಯ ತಳದಲ್ಲಿ ಒಂದು ಚಿಟಿಕೆ ನುಚ್ಚಿತ್ತು.

ಆಮೇಲೆ ನರ್ಸಬಾಯಿಯವರಿಗೆ ಮುಂಡಗೋಡಕ್ಕೆ ವರ್ಗವಾಯಿತು, ಅಕ್ಕಿ ಹಾಕುವುದು ನಿಂತಿತು, ಜನ ಮತ್ತೆ ಆಡು ಮಾರತೊಡಗಿದರು. ನನ್ನ ಮನೆಯ ಗಡಿಗೆಗೆ ಮಾತ್ರ ದಿನಾ ನುಚ್ಚು ಬೀಳುತ್ತಲೇ ಇದೆ. ಮಗಳು ಇಲಿ ಅನ್ನುತ್ತಾಳೆ. ನಾನು ವಾದಿಸುವುದಿಲ್ಲ. ಆ ನುಚ್ಚನ್ನು ನಾನು ಬೇಯಿಸಿಲ್ಲ, ಚೆಲ್ಲಿಲ್ಲ, ಒಂದು ಚೀಲದಲ್ಲಿ ಕಟ್ಟಿಟ್ಟಿದ್ದೇನೆ.

ಇಷ್ಟು ವರ್ಷ ಅದು ನೀನೇ ಎಂದುಕೊಂಡಿದ್ದೆ, ಜೈತುನ್. ನೀನು ಅಣಶಿಯ ಕಾಡಿನಲ್ಲಿ ಕೊರಗಿ ಸತ್ತು, ನನ್ನ ಸುಳ್ಳು ತಿಳಿದು, ಬಳೆಯಿಲ್ಲದ ಕೈಯಿಂದ ಹಾಕಿ ಹೋಗುತ್ತಿದ್ದೀ ಎಂದು. ಹೆದರಿಕೆಯಾದರೂ ಆ ಹೆದರಿಕೆ ನನಗೆ ಸಲ್ಲಬೇಕಾದದ್ದೇ ಅನಿಸುತ್ತಿತ್ತು. ಮೊನ್ನೆ ಬಿದಿರಿನ ಕೆಲಸಕ್ಕೆ ಆ ಕಡೆಯವನೊಬ್ಬ ಬಂದಿದ್ದ. ಕೇಳಿದೆ. ಜೈತುನಬಿ ಚೆನ್ನಾಗಿದ್ದಾಳೆ, ತಲೆ ನೆರೆತಿದೆ, ಈಗಲೂ ಕೂಲಿಗೆ ಹೋಗುತ್ತಾಳೆ ಎಂದ.

ನೀನು ಬದುಕಿದ್ದೀ!

ಆ ಸಂಜೆ ಸದ್ದು ಕೇಳಿದ ಮೇಲೆ ಗಡಿಗೆಯೊಳಗೆ ಕೈ ಹಾಕಿ ನುಚ್ಚನ್ನು ಅಂಗೈ ಮೇಲೆ ಇಟ್ಟುಕೊಂಡೆ. ಮೊದಲ ದಿನ ಎಷ್ಟಿತ್ತೋ ಅಷ್ಟೇ. ಇಷ್ಟು ವರ್ಷವಾದರೂ ಆ ಪುಟ್ಟ ಕೈ ಬೆಳೆದಿಲ್ಲ. ಕೊಡದ ಔಷಧಕ್ಕೆ ಮಗು ಇನ್ನೂ ನುಚ್ಚು ಹಾಕುತ್ತಿದೆ, ಸದ್ದು ಮಾಡಬೇಡ ಎಂದು ತಾಯಿ ಹೇಳಿದ್ದನ್ನು ಮರೆಯದೆ.

ನಾಳೆ ಜೋಯಿಡಾದ ಬಸ್ಸು ಹಿಡಿದು ನಿನ್ನಲ್ಲಿಗೆ ಬರುತ್ತೇನೆ. ಬಾಟಲಿ ತರುತ್ತೇನೆ, ನುಚ್ಚಿನ ಚೀಲವನ್ನೂ. ಇಲ್ಲಿ ಬರೆದದ್ದನ್ನೆಲ್ಲ ನಿನ್ನ ಮುಖ ನೋಡಿಯೇ ಹೇಳುತ್ತೇನೆ, ಬೆನ್ನು ಮಾಡಿ ಅಲ್ಲ. ಉಗಿ, ಹೊಡೆ, ಬಾಗಿಲು ಹಾಕಿಕೊ — ನಿನ್ನಿಷ್ಟ. ಕ್ಷಮಿಸು ಎಂದು ಕೇಳುವುದಿಲ್ಲ.

ಮಗಳಿಗೆ ಒಂದೇ ಮಾತು ಹೇಳಿದ್ದೇನೆ: ನಾನು ಬರುವ ತನಕ ಮನೆಯ ಬಾಗಿಲು ಹಾಕಬೇಡ, ಸಂಜೆ ಮುನ್ನಿ ಬರುತ್ತಾಳೆ.