ಪಡಸಾಲೆಯಲ್ಲೊಂದು ಯುದ್ಧನೌಕೆ

ಮಸ್ಕಿಯ ಆ ಓಣಿಯಲ್ಲಿ ಶಾಲೆಯ ಮಾಡೆಲ್‌ಗಳನ್ನು ಮಾಡುವವರು ತಾಯಂದಿರು. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಮಗು ಸಂಜೆ ಬಂದು ನಾಳೆ ಜ್ವಾಲಾಮುಖಿ ಒಯ್ಯಬೇಕು ಎನ್ನುತ್ತದೆ. ತಾಯಿ ರೊಟ್ಟಿ ಬಡಿದು, ಬಡಿಸಿ, ಭಾಂಡೆ ತಿಕ್ಕಿ, ಆಮೇಲೆ ಥರ್ಮಾಕೋಲು ಕೊರೆಯಲು ಕೂಡುತ್ತಾಳೆ. ಬೆಳಿಗ್ಗೆ ಅದರ ಮೇಲೆ ಮಗುವಿನ ಹೆಸರಿನ ಚೀಟಿ ಅಂಟಿರುತ್ತದೆ.

ಭುವನೇಶ್ವರಿ ಹೀಗೆ ಹೃದಯ ಮಾಡಿದ್ದಾಳೆ, ಮೂತ್ರಪಿಂಡ ಮಾಡಿದ್ದಾಳೆ, ಸೌರಮಂಡಲ ಮಾಡಿದ್ದಾಳೆ, ತನ್ನೂರಿನದೇ ಅಶೋಕನ ಶಾಸನದ ಬಂಡೆಯನ್ನು ಹಳೆಯ ಪೇಪರು ಅರೆದು ಮಾಡಿದ್ದಾಳೆ. ಮೊದಲು ಮಗಳಿಗಾಗಿ. ಮಗಳು ಪಿಯುಸಿಗೆಂದು ರಾಯಚೂರಿನ ಹಾಸ್ಟೆಲ್ ಸೇರಿದ ಮೇಲೂ ಕೆಲಸ ತಪ್ಪಲಿಲ್ಲ. ಗಂಡನ ಅಣ್ಣ ಅಮರಗುಂಡಪ್ಪನ ಮಗ ಸಿಂಧನೂರಿನಲ್ಲಿ ಓದುತ್ತಿದ್ದ. ಅವನ ಮಾಡೆಲ್‌ಗಳೂ ಇವಳ ಪಾಲಿಗೇ ಬಂದವು. 'ಅಕಿ ಕೈ ಚೊಲೋ ಐತಿ' ಎಂಬ ಒಂದು ಮಾತಿನಲ್ಲಿ ಕೂಲಿಯೂ ಸಂದಾಯವಾಗುತ್ತಿತ್ತು, ಹೊಗಳಿಕೆಯೂ ಮುಗಿಯುತ್ತಿತ್ತು.

ಕಳೆದ ವರ್ಷ ಗಣರಾಜ್ಯೋತ್ಸವಕ್ಕೆ ಆ ಹುಡುಗನ ಶಾಲೆಯವರು ಯುದ್ಧನೌಕೆ ಕೇಳಿದರು. ಭುವನೇಶ್ವರಿ ಗಂಡನ ಬಟ್ಟೆ ಅಂಗಡಿಯಿಂದ ಶರ್ಟಿನ ಡಬ್ಬಿಗಳ ರಟ್ಟು ತಂದು, ಅವಸರದಲ್ಲಿ ಒಂದನ್ನು ಕೂಡಿಸಿ ಕಳಿಸಿದಳು. ಮೊದಲ ಬಹುಮಾನ ಬಂತು. ಶಾಲೆಯ ಅಧ್ಯಕ್ಷರು, ಹುಡುಗ, ಹುಡುಗನ ಹೆಗಲ ಮೇಲೆ ಕೈಯಿಟ್ಟ ಅಮರಗುಂಡಪ್ಪ ಇದ್ದ ಫೋಟೊ ಮೊಬೈಲಿಗೆ ಬಂತು. ಕೆಲವು ದಿನಗಳಾದ ಮೇಲೆ ಹಡಗೂ ಬಂತು, ಸಿಮೆಂಟ್ ಚೀಲದಲ್ಲಿ, ಎರಡು ತುಂಡಾಗಿ.

ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿದಾಗ ಅವಳಿಗೆ ಮುರಿದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದರ ಮೂತಿಯ ಮೇಲೆ. ಚಪ್ಪಲಿ ಡಬ್ಬಿಯ ಹಾಗೆ ಚೌಕಾಗಿತ್ತು. ನಿಜವಾದ ಹಡಗಿನ ಮೂತಿ ಮೇಲೆ ಅಗಲ, ಕೆಳಗೆ ಚೂಪು, ನಡುವೆ ಒಳಕ್ಕೆ ಬಾಗಿದ್ದು. ಇಂಥ ಕೆಟ್ಟ ಕೆಲಸಕ್ಕೆ ಬಹುಮಾನ ಕೊಟ್ಟವರಿಗೆ ಕಣ್ಣಿಲ್ಲ ಎಂದುಕೊಂಡಳು. ಸರಿಯಾದದ್ದೊಂದನ್ನು ಮಾಡಬೇಕು, ಯಾವ ಶಾಲೆಗೂ ಅಲ್ಲ.

"ಈ ಸಲದ್ದು ನಂದು," ಎಂದು ಪಕ್ಕದ ಮನೆಯ ಚಾಂದ್‌ಬೀಗೆ ಹೇಳಿದಳು. ಇಬ್ಬರೂ ಬ್ಲೌಸು ಹೊಲಿಯುವವರು, ಒಬ್ಬರ ಮೆಷಿನ್ ಕೆಟ್ಟರೆ ಇನ್ನೊಬ್ಬರದರಲ್ಲಿ. "ಯಾರ ಹೆಸರ್ಲೇನೂ ಹೊಸ್ತಿಲ ದಾಟಾಂಗಿಲ್ಲ ಇದು."

"ಅರೇ, ಹಡಗ ಮಾಡಿ ಎಲ್ಲಿ ತೇಲಿಸ್ತಿ? ನಳದ ನೀರ ನಾಕ ದಿನಕ್ಕೊಮ್ಮಿ ಬರ್ತಾವ," ಎಂದಳು ಚಾಂದ್‌ಬೀ.

ಮೊಬೈಲಿನಲ್ಲಿ ಕತ್ತರಿಸಿ ಅಂಟಿಸುವ ನಕ್ಷೆಗಳು ಸಿಕ್ಕವು. ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದರೆ ಅಲ್ಲಿನ ಮೆಷಿನ್ ಪ್ರತಿ ಹಾಳೆಯನ್ನೂ ಕಾಗದಕ್ಕೆ ಹೊಂದುವಂತೆ ತನಗೆ ತೋಚಿದಷ್ಟು ಕುಗ್ಗಿಸಿತ್ತು. ಒಂದು ಹಾಳೆಯ ಎಡ ಇನ್ನೊಂದು ಹಾಳೆಯ ಬಲಕ್ಕೆ ಕೂಡಲಿಲ್ಲ. ಅವನ್ನೆಲ್ಲ ಉರಿಸಲೆಂದು ಒಲೆಯ ಮುಂದಿಟ್ಟು, ತಾನೇ ಬರೆಯುವುದೆಂದು ನಿಶ್ಚಯಿಸಿದಳು. ಯಾವುದೋ ದೇಶದ ಯಾವುದೋ ಹಡಗಿನ ನಕಲು ಏಕೆ? ಫೋಟೊಗಳನ್ನು ನೋಡಿ, ಒಂದರಿಂದ ಮೂತಿ, ಇನ್ನೊಂದರಿಂದ ಬೆನ್ನು ತೆಗೆದುಕೊಂಡು, ಹಳೆಯ ದಿನಪತ್ರಿಕೆಗಳ ಮೇಲೆ ತನ್ನದೇ ಹಡಗನ್ನು ಬರೆದಳು. ಹಡಗಿನ ಒಂದು ಮೀಟರು ರಟ್ಟಿನಲ್ಲಿ ಅರ್ಧ ಸೆಂಟಿಮೀಟರು. ಆ ಲೆಕ್ಕದಲ್ಲಿ ಒಬ್ಬ ಆಳು ಎರಡು ಜೋಳದ ಕಾಳು ಒಂದರ ಮೇಲೊಂದಿಟ್ಟಷ್ಟು ಎತ್ತರ. ಬಾಗಿಲು ಕೊರೆಯುವಾಗ, ಏಣಿ ಕೂಡಿಸುವಾಗ, ಅಂಚಿಗೆ ಕಟಾಂಜನದ ಕಂಬಿ ನಿಲ್ಲಿಸುವಾಗ ಎರಡು ಕಾಳು ಹಿಡಿದು ನೋಡುತ್ತಿದ್ದಳು, ಇವನು ಇಲ್ಲಿ ತಲೆ ಬಡಿಸಿಕೊಳ್ಳುತ್ತಾನೋ ಇಲ್ಲವೋ ಎಂದು.

ಕೆಲಸಕ್ಕೆ ಸಿಗುತ್ತಿದ್ದದ್ದು ಮಧ್ಯಾಹ್ನದ ಊಟದ ಭಾಂಡೆ ಮುಗಿದ ಮೇಲಿನ ಹೊತ್ತು, ಗಂಡ ಸಂಗನಬಸವ ಸಂಜೆಯ ಚಹಕ್ಕೆ ಬರುವತನಕ. ನೀರು ಬಂದ ದಿನ ಅದೂ ಇಲ್ಲ. ಮನೆಯಲ್ಲಿ ಅವಳದೆನ್ನುವ ಮೇಜು ಇರಲಿಲ್ಲ. ಪಡಸಾಲೆಯ ಟೀಪಾಯಿ ಗಂಡನ ಪೇಪರಿಗೆ, ಚಹದ ಕಪ್ಪಿಗೆ, ಬಂದವರ ಮೊಬೈಲಿಗೆ. ಅಡುಗೆಮನೆಯ ಕಟ್ಟೆ ಎಲ್ಲರ ಹೊಟ್ಟೆಗೆ. ಅವಳು ಒಳಗಿನ ಕೋಣೆಯಲ್ಲಿ ಕಾಳಿನ ಡ್ರಮ್ಮಿನ ಮುಚ್ಚಳದ ಮೇಲೆ ಹಲಗೆಯಿಟ್ಟು ನಿಂತುಕೊಂಡೇ ಕೆಲಸ ಮಾಡಿದಳು. ಜೋಳ ತೆಗೆಯಬೇಕಾದಾಗಲೆಲ್ಲ ಹಡಗನ್ನು ಎತ್ತಿ ಮಂಚದ ಮೇಲಿಡಬೇಕು. ಮಂಚದ ಮೇಲೆ ಯಾರಾದರೂ ಮಲಗುವ ಮೊದಲು ಮತ್ತೆ ಡ್ರಮ್ಮಿನ ಮೇಲೆ. ಅಂಟು ಹಿಡಿಯುವಾಗ ಭಾರಕ್ಕೆ ಇಸ್ತ್ರಿಪೆಟ್ಟಿಗೆ, ರೊಟ್ಟಿ ಹಂಚು. ಬಟ್ಟೆಯ ಕ್ಲಿಪ್ಪುಗಳೆಲ್ಲ ಹಡಗಿಗೆ ಹೋಗಿ, ಹಗ್ಗದ ಮೇಲಿನ ಅಂಗಿಗಳು ಗಾಳಿಗೆ ಹಾರಿದ್ದೂ ಉಂಟು. ತೋಪಿನ ನಳಿಕೆಗಳಿಗೆ ತೆಳುಕಾಗದವನ್ನು ದಬ್ಬಣಕ್ಕೆ ಸುತ್ತಿ ಎಳೆದಳು.

ಮೂತಿಯ ಬಾಗು ಬಂದದ್ದು ಬ್ಲೌಸಿನಿಂದ. ಬೆನ್ನೆಲುಬು, ಪಕ್ಕೆಲುಬು ಎಲ್ಲ ರಟ್ಟಿನಲ್ಲಿ ನಿಲ್ಲಿಸಿಯಾಗಿತ್ತು. ಮೇಲಿನ ಚರ್ಮ ಮಾತ್ರ ಕೂಡಲೊಲ್ಲದು. ರಟ್ಟು ಬಟ್ಟೆಯಲ್ಲ, ಎಳೆದರೆ ಹಿಗ್ಗುವುದಿಲ್ಲ, ಸುಕ್ಕುಗಟ್ಟುತ್ತದೆ. ಹಲವು ಹಾಳೆ ಕೆಟ್ಟ ಮೇಲೆ ಅವಳಿಗೆ ಲಿಂಗಸುಗೂರಿನ ಹೊಲಿಗೆ ತರಗತಿಯಲ್ಲಿ, ಮದುವೆಗೆ ಮೊದಲು ತವರೂರು ಗುರುಗುಂಟಾದಿಂದ ಬಸ್ಸಿನಲ್ಲಿ ಹೋಗಿ ಕಲಿತದ್ದು ಹೊಳೆಯಿತು. ಸಪಾಟು ಬಟ್ಟೆಯಲ್ಲಿ ಚೂಪಾದ ಮಡಿಕೆಯೊಂದನ್ನು ಹಿಡಿದರೆ ಅದು ಎದೆಯ ಉಬ್ಬಿಗೆ ಹೊಂದಿ ನಿಲ್ಲುತ್ತದೆ. ಟಕ್ಸ್ ಅನ್ನುತ್ತಾರೆ. ಬಟ್ಟೆಯಲ್ಲಿ ಮಡಿಕೆ ಹಿಡಿಯುವ ಜಾಗದಲ್ಲಿ ರಟ್ಟಿನಲ್ಲಿ ಅಷ್ಟೇ ಚೂಪಾದ ಸೀಳನ್ನು ಕತ್ತರಿಸಿ ತೆಗೆದು ಅಂಚಿಗೆ ಅಂಚು ಕೂಡಿಸಿದಳು. ರಟ್ಟು ಬಾಗಿತು.

ಬಾಗಿತು, ಆದರೆ ಹೊಲಿಗೆಯ ಕೈ ಇನ್ನೊಂದು ಕೆಲಸವನ್ನೂ ಹೇಳದೆ ಕೇಳದೆ ಮಾಡಿತ್ತು. ಪ್ರತಿ ತುಂಡಿನ ಸುತ್ತಲೂ, ಬ್ಲೌಸಿಗೆ ಬಿಡುವ ಹಾಗೆ, ಅರ್ಧ ಇಂಚು ಹೆಚ್ಚಿಗೆ ಬಿಟ್ಟಿತ್ತು. ಅಂಚುಗಳು ಒಂದರ ಮೇಲೊಂದು ಕೂತು ಹಡಗಿನ ಮೈತುಂಬ ಗಾಯದ ಬರೆಗಳಂತೆ ಉಬ್ಬುಗಳೆದ್ದವು. ಚಾಂದ್‌ಬೀ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು:

"ಯಾಕವ್ವಾ, ಒಳಗ ಇಷ್ಟು ಬಟ್ಟಿ ಬಿಟ್ಟೀದಿ? ಮುಂದ ಬಸುರಾಕ್ಕೈತೇನು ಹಡಗ?"

ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮರುದಿನ ಭುವನೇಶ್ವರಿ ಆ ಚರ್ಮವನ್ನೆಲ್ಲ ಸುಲಿದು ಹಾಕಿ ಮೊದಲಿನಿಂದ ಕತ್ತರಿಸಿದಳು. ಈ ಸಲ ಅಂಚಿಗೆ ಏನೂ ಬಿಡಲಿಲ್ಲ. ಬೆಳೆಯುವ ಮೈಗಳಿಗೆ ಜಾಗ ಬಿಟ್ಟು ಹೊಲಿದು ರೂಢಿಯಾದ ಕೈಗೆ ಅದು ಸುಲಭದ ಮಾತಾಗಿರಲಿಲ್ಲ.

ಅತ್ತೆ ಕಸ್ತೂರೆಮ್ಮ ಇದನ್ನೆಲ್ಲ ಬಾಗಿಲಲ್ಲಿ ಕೂತು, ಶೇಂಗಾ ಸುಲಿಯುತ್ತ ನೋಡುತ್ತಿದ್ದಳು. ಒಮ್ಮೆ ಎದ್ದು ಬಂದು ಹಡಗಿನ ಸುತ್ತ ಕಣ್ಣಾಡಿಸಿದಳು.

"ಇದರಾಗ ಎಷ್ಟ ಮಂದಿ ಇರ್ತಾರ?"

"ಮುನ್ನೂರು ಮಂದಿ ಇರಬಹುದು ಅತ್ತಿ."

"ಅಡಿಗಿಮನಿ ಎಲ್ಲೈತಿ?"

ಭುವನೇಶ್ವರಿ ತೋಪು ಇಟ್ಟಿದ್ದಳು, ರೇಡಾರ್ ಇಟ್ಟಿದ್ದಳು, ಹೆಲಿಕಾಪ್ಟರ್ ಇಳಿಯಲು ಅಂಗಳ ಮಾಡಿದ್ದಳು. ಅರ್ಧ ಆಯುಷ್ಯ ಅಡುಗೆಮನೆಯಲ್ಲಿ ಕಳೆದವಳು ಅಡುಗೆಮನೆಯನ್ನೇ ಮರೆತಿದ್ದಳು.

"ಮುನ್ನೂರು ಗಂಡಸರಿಗೆ ರೊಟ್ಟಿ ಯಾರ ಬಡೀತಾರ?" ಅತ್ತೆ ಬಿಡಲಿಲ್ಲ.

ಮೊಬೈಲಿನಲ್ಲಿ ಹುಡುಕಿ ಇಬ್ಬರೂ ನೋಡಿದರು. ಉಕ್ಕಿನ ದೊಡ್ಡ ದೊಡ್ಡ ಪಾತ್ರೆಗಳ ಮುಂದೆ ಬಿಳಿ ಟೋಪಿಯ ಗಂಡಸರು ನಿಂತಿದ್ದರು.

"ಇವ್ರಿಗೆ ಪಗಾರ ಕೊಡ್ತಾರೇನು?"

"ಕೊಡ್ತಾರ ಅತ್ತಿ. ರಜಾನೂ ಐತಿ. ಪಿಂಚಣಿನೂ ಐತಿ."

"ರೊಟ್ಟಿಗೆ ಪಿಂಚಣಿ!" ಕಸ್ತೂರೆಮ್ಮ ಶೇಂಗಾದ ಮೊರದ ಮುಂದೆ ಹೋಗಿ ಕೂತಳು. ಸುಲಿಯುತ್ತ ತನ್ನಷ್ಟಕ್ಕೆ ಅಂದಳು, "ನಾ ದಂಡಿನ್ಯಾಗ ಸೇರಬೇಕಿತ್ತು."

ಭುವನೇಶ್ವರಿ ಅಂಟಿಸಿದ್ದ ಮೇಲಂತಸ್ತನ್ನು ಬ್ಲೇಡಿನಿಂದ ಬಿಡಿಸಿ, ಒಳಗೆ ಅಡುಗೆಮನೆ ಮಾಡಿದಳು. ಉಗುರಿನ ಅರ್ಧದಷ್ಟು ಒಲೆಗಳು, ಕಟ್ಟೆ, ಗೋಡೆಗೆ ಪಾತ್ರೆ. ಮೇಲೆ ಮತ್ತೆ ಮುಚ್ಚಿಬಿಟ್ಟಳು. ಹೊರಗಿನಿಂದ ಏನೂ ಕಾಣುವಂತಿರಲಿಲ್ಲ.

"ಕಾಣಾಂಗಿಲ್ಲ ಅಂದ್ಮ್ಯಾಲ ಯಾಕ ಮಾಡ್ದಿ?" ಎಂದಳು ಚಾಂದ್‌ಬೀ.

"ನಮ್ಮನಿ ಅಡಿಗಿಮನಿ ಪಡಸಾಲಿಗೆ ಕಾಣತೈತೇನು? ಹಂಗಂತ ಇಲ್ಲೇನು?"

ಹಡಗಿಗೆ ಬೂದು ಬಣ್ಣ ಹಚ್ಚಿ ಮುಗಿಸಿದ ವಾರವೇ ಅಮರಗುಂಡಪ್ಪ ಡ್ರೈವರನನ್ನು ಕರೆದುಕೊಂಡು ಕಾರಿನಲ್ಲಿ ಸಿಂಧನೂರಿನಿಂದ ಬಂದ. ಹಡಗು ಕೊಡುವುದಾಗಿ ಸಂಗನಬಸವ ಫೋನಿನಲ್ಲಿ ಒಪ್ಪಿಕೊಂಡಿದ್ದ. ಹೆಂಡತಿಯನ್ನು ಕೇಳುವುದಿದೆ ಎಂದು ಅವನಿಗೆ ಅನಿಸಿರಲೂ ಇಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆ ಜಿಲ್ಲೆಯ ದೊಡ್ಡವರು ಬರುವವರಿದ್ದರು. ಅಮರಗುಂಡಪ್ಪ ಮಗನ ಹೆಸರಿನ ಚೀಟಿಯನ್ನು ಚಂದವಾಗಿ ಪ್ರಿಂಟು ಹಾಕಿಸಿಯೇ ತಂದಿದ್ದ.

ಆ ಮನೆಯಲ್ಲಿ ಸೊಸೆ ಭಾವನ ಎದುರು ಮಾತಾಡುವ ವಾಡಿಕೆಯಿಲ್ಲ. ಭಾವ ಪಡಸಾಲೆಯಲ್ಲಿ ಕೂತು ಕೇಳುತ್ತಾನೆ. ಸೊಸೆ ಅಡುಗೆಮನೆಯ ಬಾಗಿಲ ಮರೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಅತ್ತೆಗೆ ಉತ್ತರ ಹೇಳುತ್ತಾಳೆ. ಅತ್ತೆ ಅದನ್ನು ಪಡಸಾಲೆಗೆ ಮುಟ್ಟಿಸುತ್ತಾಳೆ. ಮುಟ್ಟಿಸುವ ದಾರಿಯಲ್ಲಿ ಮಾತು ಮೆತ್ತಗಾಗುತ್ತದೆ. ಜ್ವರ ಬಂದಿದೆ, ಇಷ್ಟು ಮಂದಿಗೆ ಅಡುಗೆ ನನ್ನಿಂದಾಗದು ಎಂದು ಭುವನೇಶ್ವರಿ ಅಂದದ್ದು ಒಮ್ಮೆ, 'ಸ್ವಲ್ಪ ತಡ ಆಗತೈತಂತಪಾ' ಎಂದಾಗಿ ಭಾವನ ಕಿವಿ ಸೇರಿತ್ತು. ಹೀಗಾಗಿ ತಮ್ಮನ ಹೆಂಡತಿ ತನಗೆ ಯಾವತ್ತೂ ಇಲ್ಲ ಅಂದವಳಲ್ಲ ಎಂದು ಅಮರಗುಂಡಪ್ಪ ನಂಬಿದ್ದ. ಬೀಗರೆದುರು ಹೊಗಳುತ್ತಲೂ ಇದ್ದ.

"ಸಂಗ್ಯಾ, ಹಡಗ ತಗೊಂಡು ಬಾ. ಹೊತ್ತಾಗತೈತಿ," ಎಂದ.

ರೊಟ್ಟಿ ಬಡಿಯುತ್ತಿದ್ದ ಭುವನೇಶ್ವರಿಗೆ ಕೇಳಿಸಿತು. "ಅತ್ತಿ, ಕೊಡಾಂಗಿಲ್ಲ ಅಂತ ಹೇಳ್ರಿ," ಎಂದಳು.

ಕಸ್ತೂರೆಮ್ಮ ಹೊಸ್ತಿಲಿಗೆ ಬಂದಳು. "ಇನ್ನಾ ಒಣಗಿಲ್ಲಂತಪಾ."

"ಗಾಡ್ಯಾಗ ಒಣಗತೈತಿ ಬಿಡವ್ವಾ."

"ಒಣಗೈತ್ರಿ. ಆದ್ರೂ ಕೊಡಾಂಗಿಲ್ಲ," ಒಳಗಿನಿಂದ ಭುವನೇಶ್ವರಿ ಅತ್ತೆಗೆ.

"ಹುಡುಗ ಎಲ್ಲಿ ಮುರೀತಾನೋ ಅಂತ ಅಂಜ್ಯಾಳ," ಹೊಸ್ತಿಲಿನಿಂದ ಅತ್ತೆ ಮಗನಿಗೆ.

"ಅಷ್ಟ ಹೌದಲ್ಲವ್ವಾ? ನನ್ನ ತೊಡಿಮ್ಯಾಲ ಇಟ್ಕೊಂಡು ಒಯ್ತೀನಿ ಅಂತ ಹೇಳು."

ಈ ಬಾಗಿಲಲ್ಲಿ ನಿಂತು ಎಷ್ಟು ಸಲ ಇಲ್ಲವೆಂದರೂ ಹಡಗು ಹೋಗುತ್ತದೆ ಎಂದು ಭುವನೇಶ್ವರಿಗೆ ಆಗ ತಿಳಿಯಿತು. ಹಂಚಿನ ಮೇಲಿನ ರೊಟ್ಟಿ ತೆಗೆದಳು. ಒಲೆ ಆರಿಸಿದಳು. ಕೈಯ ಹಿಟ್ಟು ತೊಳೆದು, ಅತ್ತೆಯನ್ನು ದಾಟಿ ಪಡಸಾಲೆಗೆ ಬಂದು ನಿಂತಳು.

"ಭಾವಾರ, ಹಡಗ ನಾ ಮಾಡೀನಿ. ಅದು ನಂದು. ಕೊಡಾಂಗಿಲ್ಲ."

ಅಮರಗುಂಡಪ್ಪ ಅವಳ ಮುಖ ನೋಡಲಿಲ್ಲ. ತಮ್ಮನ ಕಡೆ ತಿರುಗಿ ಕೇಳಿದ, "ಏನಂತಾಳ?"

ಎರಡು ಮಾರು ದೂರದಲ್ಲಿ ನಿಂತವಳ ಮಾತನ್ನು ಸಂಗನಬಸವ ರೂಢಿಯಂತೆ ಮೆತ್ತಗೆ ಮಾಡಲು ಹೋದ. "ಏನಿಲ್ಲಣ್ಣಾ, ಸ್ವಲ್ಪ..."

"ಸ್ವಲ್ಪ ಏನೂ ಇಲ್ರಿ," ಎಂದಳು ಭುವನೇಶ್ವರಿ. "ಕೊಡಾಂಗಿಲ್ಲ ಅಂದೀನಿ. ಅವರಿಗೂ ಕೇಳಿಸೇತಿ."

"ಹುಡುಗ ನಿನಗ ಮಗ ಅಲ್ಲೇನು?" ಈಗ ಅಮರಗುಂಡಪ್ಪ ನೇರವಾಗಿ ಕೇಳಬೇಕಾಯಿತು.

"ಮಗನ. ಕಳಿಸ್ರಿ, ಕಲಿಸ್ತೀನಿ. ಕೂತು ಕತ್ತರಿಸ್ಲಿ, ಕೈಗೆ ಅಂಟ ಹತ್ತಲಿ. ಆಮ್ಯಾಲ ತನ್ನ ಹೆಸರು ಹಾಕ್ಕೊಳ್ಳಲಿ."

"ರಟ್ಟಿನ ಡಬ್ಬಿಗೆ ಇಷ್ಟು ಸೊಕ್ಕೇನು?"

"ಡಬ್ಬಿ ಬೇಕಾದ್ರ ಅಂಗಡ್ಯಾಗ ಬಾಳ ಅದಾವ್ರಿ. ಒಯ್ರಿ."

ಅಮರಗುಂಡಪ್ಪ ಎದ್ದ. ಊಟಕ್ಕೆ ನಿಲ್ಲಲಿಲ್ಲ, ನೀರನ್ನೂ ಮುಟ್ಟಲಿಲ್ಲ. ಕಾರಿನ ಬಾಗಿಲು ಓಣಿಗೆಲ್ಲ ಕೇಳುವಂತೆ ಹಾಕಿಕೊಂಡು ಹೋದ.

"ಅಣ್ಣ ಉಣ್ಣದ ಹೋದ," ಸಂಗನಬಸವ ಬಾಗಿಲಲ್ಲೇ ನಿಂತು ಹೇಳಿದ. "ಮಂದಿ ಏನಂದಾರು?"

"ಬಡಿದಿಟ್ಟಿದ್ದೆ. ಉಣ್ಣಲಾರದ್ದು ಅವರ ಖುಷಿ," ಎಂದಳು ಭುವನೇಶ್ವರಿ.

ಕಸ್ತೂರೆಮ್ಮ ಹಿರಿಯ ಮಗನ ಪಾಲಿನ ರೊಟ್ಟಿಗಳನ್ನು ಚೌಕದ ಬಟ್ಟೆಯಲ್ಲಿ ಸುತ್ತಿ ಚಾಂದ್‌ಬೀಯ ಮನೆಗೆ ತಾನೇ ಒಯ್ದಳು. ತಿರುಗಿ ಬರುವಷ್ಟರಲ್ಲಿ ಟೀಪಾಯಿಯ ಮೇಲಿನ ಪೇಪರು ನೆಲಕ್ಕಿಳಿದಿತ್ತು. ಒಳಗಿನ ಕತ್ತಲ ಕೋಣೆಯಿಂದ ಬಂದ ಬೂದು ಹಡಗು, ಮೂತಿಯನ್ನು ಬೀದಿಬಾಗಿಲಿಗೆ ಮಾಡಿ, ಟೀಪಾಯಿಯ ಈ ತುದಿಯಿಂದ ಆ ತುದಿಗೆ ನಿಂತಿತ್ತು.

ಸಂಜೆ ಚಹದ ಕಪ್ಪು ಕೈಗೆ ಬಂದಾಗ ಸಂಗನಬಸವ ಸುತ್ತಮುತ್ತ ನೋಡಿದ. "ಇದನ್ನ ಎಲ್ಲಿಡ್ಲಿ?"

"ಕೈಯಾಗ ಹಿಡ್ಕೋರಿ."

ಹಿಡಿದುಕೊಂಡೇ ಕೂತ. ಅಷ್ಟರಲ್ಲಿ ಅಂಗಡಿಯ ಲೆಕ್ಕ ಬರೆಯುವ ಹುಸೇನ್‌ಸಾಬ್ ಬಂದ. ಮುದುಕ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನೇ ಬಗ್ಗಿ, ಕನ್ನಡಕ ಏರಿಸಿ, ಹಡಗಿನ ಮೂತಿಯಿಂದ ಹಿಂಭಾಗದವರೆಗೆ ನೋಡಿದ.

"ಮಾಶಾಅಲ್ಲಾ! ಯಾರು ಮಾಡಿದ್ದಪ್ಪಾ ಇದು?"

ಸಂಗನಬಸವ ಕಪ್ಪನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನಮ್ಮ ಮನ್ಯಾಗ ಮಾಡ್ಯಾರ," ಎಂದ.

"ಮನಿ ಮಾಡಿಲ್ಲರೀ ಚಾಚಾ," ಭುವನೇಶ್ವರಿ ಹೊರಗೆ ಬಂದಳು. "ನಾ ಮಾಡೀನಿ."

ಅವಳು ಕುರ್ಚಿ ಎಳೆದುಕೊಂಡು ಮುದುಕನ ಎದುರು ಕೂತಳು. ರಟ್ಟು ಹೇಗೆ ಬಾಗುತ್ತದೆ, ಸೀಳು ಎಲ್ಲಿ ತೆಗೆಯಬೇಕು, ಆಳು ಎಷ್ಟು ಎತ್ತರ ಎಂದು ಬೆರಳಿಟ್ಟು ತೋರಿಸತೊಡಗಿದಳು. ಒಳಗಿನಿಂದ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಅವಳು ಮಾತು ನಿಲ್ಲಿಸಲಿಲ್ಲ. ಸಂಗನಬಸವ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಕಸ್ತೂರೆಮ್ಮ ಶೇಂಗಾ ಸುಲಿಯುತ್ತಿದ್ದಳು. ಕಪ್ಪನ್ನು ನೆಲಕ್ಕಿಟ್ಟು ಅವನೇ ಒಳಗೆ ಓಡಿದ.